ಮೇಲಿನ ಫ್ಲ್ಯಾಟಿನ ನೀರು ನಮ್ಮ ಮನೆಗೆ ಸೋರಿದರೆ ಖರ್ಚು ಯಾರದು?

ಸೀಲಿಂಗಿನಿಂದ ನೀರು ಇಳಿದು ನಿಮ್ಮ ವಾರ್ಡ್‌ರೋಬ್ ಉಬ್ಬಿದೆ, ಮೇಲಿನ ಫ್ಲ್ಯಾಟಿನವರು "ನಮ್ಮ ತಪ್ಪಲ್ಲ" ಅಂತಿದ್ದಾರೆ, ಅವರ ಇನ್ಶೂರೆನ್ಸಿನಿಂದಲೇ ದುಡ್ಡು ಬರಬೇಕಲ್ವಾ ಅಂತ ಕೇಳಿದ್ದೀರಿ. ನಾನೂ ಹಾಗೇ ನಂಬಿಕೊಂಡು ಮೂರು ವಾರ ಮೇಲಿನವರ ಜೊತೆ ಜಗಳ ಆಡಿದ್ದೆ. ಕೊನೆಗೆ ಗೋಡೆ ಒಡೆದು ನೋಡಿದರೆ, ಸೋರುತ್ತಿದ್ದದ್ದು ಎಲ್ಲ ಮಹಡಿಗೂ ಹೋಗುವ ಕಾಮನ್ ಪೈಪು. ಅವರದೇನೂ ತಪ್ಪಿರಲಿಲ್ಲ. ಹೋಗಿ ಕ್ಷಮೆ ಕೇಳಿದೆ. ಈಗಲೂ ಅದನ್ನು ನೆನೆಸಿಕೊಂಡರೆ ಬೇಜಾರಾಗುತ್ತದೆ.

ಹಾಗಾಗಿ ನೀರು ಎಲ್ಲಿಂದ ಬಂತು ಅಂತ ತಿಳಿಯುವ ತನಕ ಹೊಣೆಯ ಮಾತು ಎತ್ತಬೇಡಿ. ಕಲೆ ಬಿದ್ದ ಜಾಗದ ನೇರ ಮೇಲೆಯೇ ಸೋರಿಕೆ ಇರಬೇಕು ಅಂತೇನಿಲ್ಲ. ನೀರು ಸ್ಲ್ಯಾಬಿನೊಳಗೆ, ವೈರಿನ ಪೈಪಿನ ಗುಂಟ ಹರಿದು ದೂರದಲ್ಲಿ ಇಳಿಯಬಹುದು. ಹಗಲು ರಾತ್ರಿ ಒಂದೇ ಸಮ ಜಿನುಗುತ್ತಿದ್ದರೆ ಒತ್ತಡದಲ್ಲಿರುವ ನೀರಿನ ಪೈಪನ್ನು ಅನುಮಾನಿಸಬೇಕು. ಮೇಲಿನವರು ನಲ್ಲಿಗಳನ್ನೆಲ್ಲ ಮುಚ್ಚಿದ ಮೇಲೂ ಅವರ ಮೀಟರ್ ತಿರುಗುತ್ತಿದ್ದರೆ ಆ ಅನುಮಾನ ಗಟ್ಟಿ. ಅವರು ಸ್ನಾನ ಮಾಡಿದಾಗ ಮಾತ್ರ ತೇವ ಜಾಸ್ತಿಯಾದರೆ ಡ್ರೈನ್ ಪೈಪು ಅಥವಾ ಬಾತ್‌ರೂಮಿನ ವಾಟರ್‌ಪ್ರೂಫಿಂಗ್ ನೋಡಬೇಕು. ಬಾತ್‌ರೂಮಿನ ನೆಲದ ಮೇಲೆ ಬಣ್ಣದ ನೀರು ನಿಲ್ಲಿಸಿದರೆ ಅದೇ ಬಣ್ಣ ಕೆಳಗೆ ಇಳಿಯುತ್ತದೋ ಇಲ್ಲವೋ ಕಾಣುತ್ತದೆ. ಮಳೆ ಬಂದಾಗ ಮಾತ್ರ ಸೋರಿದರೆ ಹೊರಗೋಡೆಯದೋ ತಾರಸಿಯದೋ ಸಮಸ್ಯೆ. ಹೊರಗೋಡೆ, ತಾರಸಿ, ಕಾಮನ್ ಪೈಪು ಇವೆಲ್ಲ ಸಾಮಾನ್ಯವಾಗಿ ಅಸೋಸಿಯೇಷನ್ನಿಗೆ ಸೇರಿದವು. ಪ್ಲಂಬರ್ ಏನು ಕಂಡರು ಅನ್ನುವುದನ್ನು ಬರಹದಲ್ಲಿ ತೆಗೆದುಕೊಳ್ಳಿ.

ಇನ್ನು ಹೊಣೆ. ನೀರು ಮೇಲಿನ ಮನೆಯದ್ದೇ ಆದರೂ ಅವರೇ ಕಟ್ಟಿಕೊಡಬೇಕು ಅಂತ ತಾನಾಗಿ ಆಗುವುದಿಲ್ಲ. ಬಹಳ ಕಡೆ ಅವರ ನಿರ್ಲಕ್ಷ್ಯ ಇತ್ತು ಅಂತ ತೋರಿಸಬೇಕಾಗುತ್ತದೆ. ನಲ್ಲಿ ತೆರೆದಿಟ್ಟು ಊರಿಗೆ ಹೋಗುವುದು ನಿರ್ಲಕ್ಷ್ಯ. ಚೆನ್ನಾಗಿಯೇ ಇದ್ದ ಪೈಪು ರಾತ್ರೋರಾತ್ರಿ ಒಡೆದರೆ ಅದು ಆಕಸ್ಮಿಕ. ಕೆಲವು ದೇಶಗಳಲ್ಲಿ ಮಾತ್ರ ತಪ್ಪು ತೋರಿಸದೆಯೂ ಹೊಣೆ ಬರುತ್ತದೆ, ನಿಮ್ಮಲ್ಲಿ ಹೇಗೆ ಅಂತ ವಿಚಾರಿಸಿ. ಮೇಲಿನವರ ಇನ್ಶೂರೆನ್ಸ್ ಕೂಡ ಅವರಿಗೆ ಕಾನೂನಿನ ಹೊಣೆ ಇದ್ದಾಗ ಮಾತ್ರ ನಿಮಗೆ ಕೊಡುತ್ತದೆ. ಅದೂ ಅವರ ಪಾಲಿಸಿಯಲ್ಲಿ ಬೇರೆಯವರಿಗಾದ ನಷ್ಟದ ಭಾಗ ಇದ್ದರೆ.

ಅದಕ್ಕೇ ನಿಮ್ಮ ಸ್ವಂತ ಪಾಲಿಸಿ ಇರುವ ಇನ್ಶೂರೆನ್ಸ್ ಕಂಪನಿಗೆ ಮೊದಲು ಫೋನ್ ಮಾಡಿ. ಅಲ್ಲಿ ಯಾರ ತಪ್ಪು ಅಂತ ಸಾಬೀತು ಮಾಡುವ ಕೆಲಸ ನಿಮಗಿಲ್ಲ. ತಪ್ಪು ಮೇಲಿನವರದ್ದಾದರೆ ನಿಮ್ಮ ಕಂಪನಿ ನಿಮಗೆ ಕೊಟ್ಟು, ಆಮೇಲೆ ಅವರಿಂದ ವಸೂಲಿ ಮಾಡಿಕೊಳ್ಳಬಹುದು. ನೀವೇ ಭರಿಸಬೇಕಾದ ಮೊದಲ ಮೊತ್ತ ಎಷ್ಟು ಅಂತ ನೋಡಿಕೊಳ್ಳಿ. ಕಟ್ಟಡಕ್ಕೆ ಅಸೋಸಿಯೇಷನ್ ಮಾಡಿಸಿದ ಪಾಲಿಸಿ ನಿಮ್ಮ ವಾರ್ಡ್‌ರೋಬಿಗೆ, ಹಾಸಿಗೆಗೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ನೀವು ಬಾಡಿಗೆಗೆ ಇದ್ದರೆ ಮಾಲೀಕರ ಪಾಲಿಸಿಯೂ ಅಷ್ಟೇ, ನಿಮ್ಮ ಸಾಮಾನಿಗೆ ನಿಮ್ಮದೇ ಪಾಲಿಸಿ ಬೇಕು.

ಜನ ಜಾಸ್ತಿ ಎಡವುವುದು ಒಂದೇ ಕಡೆ. ಪಾಲಿಸಿಗಳು ಸಾಮಾನ್ಯವಾಗಿ ಹಠಾತ್ತಾಗಿ ಆದ ಸೋರಿಕೆಗೆ ಕೊಡುತ್ತವೆ, ತಿಂಗಳುಗಟ್ಟಲೆ ಜಿನುಗಿದ್ದಕ್ಕೆ ಕೊಡುವುದಿಲ್ಲ. ಸಣ್ಣ ಕಲೆ ಕಂಡಾಗ ಸುಮ್ನೆ ಬಿಟ್ಟರೆ ಕ್ಲೇಮ್ ಕೈತಪ್ಪಬಹುದು. ಇನ್ನೊಂದು, ನೀರಿನಿಂದ ಹಾಳಾದದ್ದಕ್ಕೆ ಕೊಟ್ಟರೂ ಒಡೆದ ಪೈಪಿನ ರಿಪೇರಿಗೆ ಅನೇಕ ಪಾಲಿಸಿಗಳು ಕೊಡುವುದಿಲ್ಲ.

ಇವತ್ತೇ ಮಾಡಬೇಕಾದದ್ದು: ಆ ಕೋಣೆಯ ಕರೆಂಟ್ ಆಫ್ ಮಾಡಿ. ದಿನಾಂಕ ಕಾಣುವಂತೆ ಫೋಟೋ, ವಿಡಿಯೋ ತೆಗೆಯಿರಿ. ಸಾಮಾನು ಸರಿಸಿ, ಒಣಗಿಸಲು ಶುರು ಮಾಡಿ. 24ರಿಂದ 48 ಗಂಟೆಯೊಳಗೇ ಬೂಷ್ಟು ಹಿಡಿಯಲು ಶುರುವಾಗಬಹುದು. ನಷ್ಟ ಹೆಚ್ಚದಂತೆ ನೋಡಿಕೊಳ್ಳುವುದು ನಿಮ್ಮ ಕೆಲಸವೂ ಹೌದು. ಅದಕ್ಕಾದ ಬಿಲ್ ಇಟ್ಟುಕೊಳ್ಳಿ. ಆದರೆ ನಷ್ಟ ಅಳೆಯಲು ಇನ್ಶೂರೆನ್ಸ್ ಕಂಪನಿ ಕಳಿಸುವ ಸರ್ವೇಯರ್ ನೋಡುವ ಮೊದಲು ಹಾಳಾದ ಸಾಮಾನು ಬಿಸಾಡಬೇಡಿ, ಬಣ್ಣ ಬಳಿಸಬೇಡಿ. ಬದಲಾಯಿಸಿದ ಪೈಪಿನ ತುಂಡನ್ನೂ ಎತ್ತಿಡಿಸಿ.

ಮೇಲಿನವರು "ನಮ್ಮ ತಪ್ಪು" ಅಂತ ಬರೆದುಕೊಡಲಿ ಅಂತ ಒತ್ತಾಯ ಮಾಡಬೇಡಿ. ಕಂಪನಿಯನ್ನು ಕೇಳದೆ ತಪ್ಪು ಒಪ್ಪಿಕೊಂಡರೆ ಅವರ ಕ್ಲೇಮಿಗೇ ತೊಂದರೆಯಾಗಬಹುದು. ಅದರ ಬದಲು ಸೋರಿಕೆ ಇದೆ, ದಯವಿಟ್ಟು ಪರೀಕ್ಷೆ ಮಾಡಿಸಿ ಅಂತ ಅವರಿಗೂ ಅಸೋಸಿಯೇಷನ್ನಿಗೂ ದಿನಾಂಕ ಹಾಕಿ ಬರೆದು ಕೊಡಿ. ಗೊತ್ತಾದ ಮೇಲೂ ಅವರು ಸರಿ ಮಾಡಿಸದಿದ್ದರೆ, ನಿರ್ಲಕ್ಷ್ಯ ಇತ್ತು ಅಂತ ತೋರಿಸಲು ಆ ಪತ್ರವೇ ನಿಮ್ಮ ಕೈಯಲ್ಲಿರುತ್ತದೆ.