‘ಕ್ವಿನ್’ ಎಂದು ಮುಗಿಯುವ ಮಾತ್ರೆಗಳೆಲ್ಲ ಒಂದೇ ಅಲ್ಲ

ಮಳೆ ಹಿಡಿದರೆ ಸಾಕು, ಮಲೇರಿಯ ಮಾತ್ರೆಗಳ ಹೆಸರಿನ ಬಗ್ಗೆ ಅದೇ ಪ್ರಶ್ನೆಗಳು ಮತ್ತೆ ಬರುತ್ತವೆ. ಮೊದಲನೆಯದಕ್ಕೆ ಈ ಸಲ ಬಿಡಿಸಿ ಉತ್ತರ ಕೊಡುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ.

ಮಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿ ಬಂದ ತಮ್ಮನಿಗೆ ವೈವ್ಯಾಕ್ಸ್ ಎಂಬ ಬಗೆಯ ಮಲೇರಿಯ ಆಗಿತ್ತು. ಮೂರು ದಿನ ಕ್ಲೋರೋಕ್ವಿನ್, 14 ದಿನ ಪ್ರೈಮಾಕ್ವಿನ್ ಬರೆದಿದ್ದಾರೆ. ಜ್ವರ ಬಿಟ್ಟಿದೆ. ಎರಡೂ ‘ಕ್ವಿನ್’ ತಾನೇ, ಎರಡನೆಯದನ್ನು ನಿಲ್ಲಿಸಬಹುದೇ? (ಯಲಹಂಕದ ಓದುಗರು)

ನಿಲ್ಲಿಸಬೇಡಿ. 14 ದಿನವೂ ನುಂಗಲೇಬೇಕು.

‘ಕ್ವಿನ್’ ಅನ್ನುವುದು ಮನೆತನದ ಹೆಸರಿದ್ದ ಹಾಗೆ. ಯಾರ ಮನೆಯವರು ಎಂದು ಗೊತ್ತಾಗುತ್ತದೆ, ಯಾರು ಏನು ಕೆಲಸ ಮಾಡುತ್ತಾರೆ ಎಂದು ಗೊತ್ತಾಗುವುದಿಲ್ಲ. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳ ಮರವೊಂದರ ತೊಗಟೆಯಿಂದ 1820ರಲ್ಲಿ ಪ್ಯಾರಿಸ್ಸಿನ ಪೆಲೆಟಿಯೇ ಮತ್ತು ಕವೆಂಟೂ ಒಂದು ಕಹಿ ಸಾರವನ್ನು ಬೇರ್ಪಡಿಸಿದರು. ತೊಗಟೆಗೆ ಅಲ್ಲಿನ ಜನ ‘ಕಿನಾ’ ಎನ್ನುತ್ತಿದ್ದರು, ಸಾರ ಕ್ವಿನೈನ್ ಆಯಿತು. ಅದರ ಅಣುವಿನಲ್ಲಿರುವ ಕ್ವಿನೋಲಿನ್ ಎಂಬ ಉಂಗುರದಾಕಾರದ ಭಾಗವನ್ನೇ ಇಟ್ಟುಕೊಂಡು ಪ್ರಯೋಗಾಲಯದಲ್ಲಿ ಮಾಡಿದ ಔಷಧಗಳಿಗೂ ಅದೇ ಬಾಲ ಅಂಟಿಕೊಂಡಿತು. ಕ್ಲೋರೋಕ್ವಿನ್ 1934ರಲ್ಲಿ ಜರ್ಮನಿಯಲ್ಲಿ ಹಾನ್ಸ್ ಆಂಡರ್‌ಸಾಗ್ ತಯಾರಿಸಿದ್ದು. ಅಣುವಿನಲ್ಲಿ ಕ್ಲೋರಿನ್ ಇರುವುದರಿಂದ ‘ಕ್ಲೋರೋ’.

ಈಗ ಕೆಲಸಕ್ಕೆ ಬನ್ನಿ. ಕ್ಲೋರೋಕ್ವಿನ್ ರಕ್ತದಲ್ಲಿರುವ ರೋಗಾಣುಗಳನ್ನು ಕೊಲ್ಲುತ್ತದೆ. ಜ್ವರ ಬಿಡುವುದು ಅದರಿಂದ. ಆದರೆ ವೈವ್ಯಾಕ್ಸ್ ರೋಗಾಣುಗಳಲ್ಲಿ ಕೆಲವು ಯಕೃತ್ತಿನಲ್ಲಿ ಸದ್ದಿಲ್ಲದೆ ಮಲಗಿರುತ್ತವೆ. ಕ್ಲೋರೋಕ್ವಿನ್ ಅವುಗಳಿಗೆ ಏನೂ ಮಾಡದು, ಪ್ರೈಮಾಕ್ವಿನ್ ಕೊಲ್ಲುತ್ತದೆ. ಜ್ವರ ಬಿಟ್ಟಿತೆಂದು ಅರ್ಧಕ್ಕೆ ಕೈಬಿಟ್ಟವರು ಕೆಲವು ತಿಂಗಳ ಮೇಲೆ ಗಡಗಡ ನಡುಗುತ್ತಾ ಬಂದು, ‘ಮತ್ತೆ ಸೊಳ್ಳೆ ಕಚ್ಚಿತು ಡಾಕ್ಟ್ರೇ’ ಅನ್ನುತ್ತಾರೆ. ಎಷ್ಟೋ ಸಲ ಅದು ಹಳೆಯ ಮಲೇರಿಯವೇ ಎದ್ದು ಬಂದಿರುತ್ತದೆ.

ಪ್ರೈಮಾಕ್ವಿನ್ ವಿಷಯದಲ್ಲಿ ನನಗೆ ಭಯವೂ ಇದೆ. ಜಿ6ಪಿಡಿ ಎಂಬ ಕಿಣ್ವ ಕಡಿಮೆ ಇದ್ದವರಲ್ಲಿ ಅದು ಕೆಂಪು ರಕ್ತಕಣಗಳನ್ನು ಒಡೆದುಹಾಕುತ್ತದೆ. ಆ ರಕ್ತಪರೀಕ್ಷೆಯ ವರದಿ ಕಾಣದೆ ನಾನು ಒಂದು ಮಾತ್ರೆಯನ್ನೂ ಬರೆಯುವುದಿಲ್ಲ. ತಮ್ಮನಿಗೆ ಪರೀಕ್ಷೆ ಆಗಿದೆಯೇ ಎಂದು ಇವತ್ತೇ ವಿಚಾರಿಸಿ. ಮೂತ್ರ ಕಪ್ಪು ಕಾಫಿಯ ಬಣ್ಣಕ್ಕೆ ತಿರುಗಿದರೆ ಮಾತ್ರೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಗರ್ಭಿಣಿಯರಿಗೆ, ಹಸುಗೂಸುಗಳಿಗೆ ಇದು ಸಲ್ಲದು. ಉಳಿದ ಮಾತ್ರೆ ಪಕ್ಕದ ಮನೆಗೆ ದಾನ ಮಾಡುವವರಿಗೂ ಇದನ್ನೇ ಹೇಳುತ್ತಿದ್ದೇನೆ.

ಕಂಪನಿ ಹೆಸರು ನಂಬಿ ಮೆಡಿಕಲ್ ಶಾಪಿಗೆ ಹೋಗಬೇಡಿ. ಲಾರಿಯಾಗೊ ಅಂದರೆ ಕ್ಲೋರೋಕ್ವಿನ್, ಲಾರಿಯಮ್ ಅಂದರೆ ಮೆಫ್ಲೋಕ್ವಿನ್, ಲಾರಿನೇಟ್ ಅಂದರೆ ಆರ್ಟೆಸುನೇಟ್. ಕಿವಿಗೆ ಮೂರೂ ಅಣ್ಣತಮ್ಮಂದಿರು, ಔಷಧ ಮಾತ್ರ ಬೇರೆ ಬೇರೆ. ಮಾತ್ರೆಯ ಸ್ಟ್ರಿಪ್ಪಿನ ಮೇಲೆ ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರು ಓದಿ. ಅಂಕಿಯನ್ನೂ ಓದಿ: 250 ಮಿ.ಗ್ರಾಂ ಎಂದು ಬರೆದಿರುವ ಕ್ಲೋರೋಕ್ವಿನ್ ಫಾಸ್ಫೇಟ್ ಮಾತ್ರೆಯಲ್ಲಿ ಅಸಲು ಕ್ಲೋರೋಕ್ವಿನ್ 150 ಮಿ.ಗ್ರಾಂ ಮಾತ್ರ. ವೈದ್ಯರು 600 ಮಿ.ಗ್ರಾಂ ಅಂದಾಗ ಸಾಮಾನ್ಯವಾಗಿ ಹೇಳುವುದು ಈ ಅಸಲಿನ ಲೆಕ್ಕ, ಅಂದರೆ ನಾಲ್ಕು ಮಾತ್ರೆ. 250ರ ಲೆಕ್ಕ ಹಿಡಿದು ಎರಡೂವರೆ ನುಂಗಿದರೆ ರೋಗ ಅರೆಬರೆ ಉಳಿಯುತ್ತದೆ. ಸ್ವಂತ ಬುದ್ಧಿಯಿಂದ ಏರಿಸುವುದು ಇನ್ನೂ ಅಪಾಯ. ಈ ಮಾತ್ರೆ ಸ್ವಲ್ಪ ಹೆಚ್ಚಾದರೂ ಹೃದಯಕ್ಕೆ ಪೆಟ್ಟು. ಮಕ್ಕಳ ಕೈಗೆ ಸಿಗುವಂತೆ ಇಡಲೇಬೇಡಿ.

ಮಲೇರಿಯದ ಔಷಧ ಆರ್ಟೆಮಿಸಿನಿನ್ ದವನದ ಜಾತಿಯ ಗಿಡದಿಂದ ಬಂದದ್ದಂತೆ. ಕೆ.ಆರ್. ಮಾರ್ಕೆಟ್ಟಿನ ದವನ ಕುದಿಸಿ ಕುಡಿದರೆ ಸಾಲದೇ?

ಸಾಲದು. ಆರ್ಟೆಮಿಸಿಯ ಎಂಬ ಕುಲದ ಹೆಸರು ಎರಡಕ್ಕೂ ಇದೆ, ಅಷ್ಟೇ. ನಮ್ಮ ದವನ ಆರ್ಟೆಮಿಸಿಯ ಪ್ಯಾಲೆನ್ಸ್. ಔಷಧ ಬಂದದ್ದು ಆರ್ಟೆಮಿಸಿಯ ಆನ್ಯುವಾದಿಂದ, ಅದನ್ನು ಕಂಡುಹಿಡಿದ ಚೀನಾದ ತು ಯುಯು ಅವರಿಗೆ 2015ರಲ್ಲಿ ನೊಬೆಲ್ ಸಿಕ್ಕಿತು. ಆ ಅಸಲಿ ಗಿಡದ ಕಷಾಯವೂ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ, ಏಕೆಂದರೆ ಅದರಲ್ಲಿ ಔಷಧ ಎಷ್ಟಿದೆ ಎಂಬ ಅಳತೆಯೇ ಇರುವುದಿಲ್ಲ. ಫಾಲ್ಸಿಪಾರಂ ಎಂಬ ಇನ್ನೊಂದು ಬಗೆಯ ಮಲೇರಿಯ ಮಿದುಳಿಗೇರಿ ಪ್ರಜ್ಞೆ ತಪ್ಪಿಸಲು ಒಂದೆರಡು ದಿನ ಸಾಕು. ಅಂಥ ರೋಗಿಗೆ ಕಷಾಯ ಮಾರುವವರು ಜೀವದ ಜತೆ ಆಡುತ್ತಿದ್ದಾರೆ, ಅವರ ಬಗ್ಗೆ ನನಗೆ ಯಾವ ಮುಲಾಜೂ ಇಲ್ಲ.

ಕೀಲುನೋವಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಟ್ಟಿದ್ದಾರೆ. ಅದು ಮಲೇರಿಯದ್ದಲ್ಲವೇ?

ರುಮಟಾಯ್ಡ್ ಸಂಧಿವಾತಕ್ಕೂ, ದೇಹದ ರಕ್ಷಣಾ ವ್ಯವಸ್ಥೆಯೇ ದೇಹದ ಮೇಲೆ ತಿರುಗಿಬೀಳುವ ಲೂಪಸ್ ರೋಗಕ್ಕೂ ಅದು ಒಪ್ಪಿತವಾದ ಔಷಧ. ಮುಂದುವರಿಸಿ, ಕಣ್ಣಿನ ಅಕ್ಷಿಪಟಲದ ಪರೀಕ್ಷೆ ತಪ್ಪಿಸಬೇಡಿ.

ಟಾನಿಕ್ ವಾಟರ್ ಎಂಬ ಕಹಿ ಸೋಡಾದಲ್ಲಿ ಕ್ವಿನೈನ್ ಇದೆಯಲ್ಲ, ಅದನ್ನು ಕುಡಿದರೆ ಸಾಲದೇ?

ಸಾಲದು. ಅದರಲ್ಲಿರುವ ಕ್ವಿನೈನ್ ಅಮೆರಿಕದ ನಿಯಮದಂತೆ ಲೀಟರಿಗೆ ಹೆಚ್ಚೆಂದರೆ ಸುಮಾರು 83 ಮಿ.ಗ್ರಾಂ. ವಯಸ್ಕರ ಚಿಕಿತ್ಸೆಗೆ ದಿನಕ್ಕೆ 1800 ಮಿ.ಗ್ರಾಂನಷ್ಟು ಬೇಕು.

ಜ್ವರ ಬಂದ ಕೂಡಲೇ ಒಂದು ಕ್ಲೋರೋಕ್ವಿನ್ ಹಾಕಿಕೊಳ್ಳಬಹುದೇ?

ಬೇಡ. ಬೆಂಗಳೂರಿನ ಮಳೆಗಾಲದ ಜ್ವರ ಡೆಂಗಿಯೂ ಆಗಿರಬಹುದು. ಫಾಲ್ಸಿಪಾರಂ ಆಗಿದ್ದರೆ ನಮ್ಮ ದೇಶದಲ್ಲಿ ಕ್ಲೋರೋಕ್ವಿನ್ ಅದಕ್ಕೆ ಮದ್ದಾಗಿ ಉಳಿದಿಲ್ಲ. ಮಾತ್ರೆ ನುಂಗಿ ಬಂದರೆ ರಕ್ತದ ಸ್ಲೈಡಿನಲ್ಲಿ ರೋಗಾಣು ಕಾಣದೆಯೂ ಹೋಗಬಹುದು. ಮೊದಲು ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬೆರಳು ಚುಚ್ಚಿಸಿಕೊಳ್ಳಿ, ಮಾತ್ರೆ ಆಮೇಲೆ.