ಆ ಮರದ ಹತ್ತಿರ ಹೋಗೋದು ಬಿಡಬೇಡಿ

ನಿಮಗೆ ಬೇಕಾದವರು ದೂರವಾದ ಮೇಲೆ, ನೀವಿಬ್ಬರೂ ಕೂರುತ್ತಿದ್ದ ಮರದ ಕಡೆ ಹೋದರೆ ಅಳು ಬರುತ್ತದೆ, ಹೋಗೋದನ್ನೇ ಬಿಡಲಾ ಅಂತ ಕೇಳಿದ್ದೀರಿ. ಬಿಡಬೇಡಿ. ಸಂಜೆ ಮಾತ್ರ ಬೇಡ, ಆ ಹೊತ್ತು ನಿಮ್ಮಿಬ್ಬರದು ಅಲ್ವಾ. ಬೆಳಿಗ್ಗೆ ಹೋಗಿ. ಬೆಳಗಿನ ಬೆಳಕಿಗೆ ರಾತ್ರಿ ನಿದ್ದೆಯೂ ಸ್ವಲ್ಪ ಹಳಿಗೆ ಬರುತ್ತದೆ.

ನನಗೂ ಹೀಗೇ ಆಗಿತ್ತು. ಸುಮ್ನೆ ಒಂದು ಕೊಂಬೆ ನೋಡುತ್ತಾ ಕೂತಿರುತ್ತಿದ್ದೆ. ಹಣ್ಣೆಲೆಯನ್ನು ಗಾಳಿ ಕೀಳುತ್ತದೆ ಅಂದುಕೊಂಡಿದ್ದೆ. ಅಲ್ಲ. ಎಲೆಯಲ್ಲಿದ್ದ ಸಾರವನ್ನು ಆದಷ್ಟು ಒಳಗೆಳೆದುಕೊಂಡು, ತೊಟ್ಟಿನ ಬುಡದಲ್ಲಿ ಒಂದು ಪದರ ಕಟ್ಟಿ, ಮರವೇ ಅದನ್ನು ಬಿಡಿಸಿಕೊಳ್ಳುತ್ತದೆ. ಉದುರಿದ ಗುರುತಿನ ಮೇಲೇ ಪುಟ್ಟ ಮೊಗ್ಗು ಕಾಣುತ್ತದೆ ನೋಡಿ, ಎಲೆ ಹಸಿರಾಗಿದ್ದಾಗಲೇ ಮೂಡಿದ್ದು ಅದು. ಬೆರಳಿಂದ ಮುಟ್ಟಿ ನೋಡಿ, ಗಟ್ಟಿಯಾಗಿರುತ್ತದೆ. ಅಳು ಬಂದರೆ ಅಲ್ಲೇ ಅತ್ತುಬಿಡಿ.