‘ಸುಮ್ನೆ ಒಂದು ಸೈನ್ ಹಾಕು’ ಅಂದರೆ ಯಾವುದಕ್ಕೆ?

ಆಸ್ತಿ ಕಾನೂನಿನ ಬಗ್ಗೆ ಓದುಗರಿಂದ ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಹಳೆಯವೇ. ಕೇಳುವವರು ಬೇರೆ, ಊರು ಬೇರೆ, ಪ್ರಶ್ನೆ ಮಾತ್ರ ಅದೇ. ಪಹಣಿ (ಜಮೀನಿನ ಕಂದಾಯ ದಾಖಲೆ) ಅಂದರೇನು, ಇಸಿ (ಆಸ್ತಿಯ ಋಣಭಾರ ಪತ್ರ) ತೆಗೆಸುವುದು ಹೇಗೆ ಅನ್ನುವುದನ್ನೆಲ್ಲ ಮತ್ತೆ ಬರೆಯುವುದಿಲ್ಲ. ಒಂದು ಪ್ರಶ್ನೆಗೆ ಮಾತ್ರ ಜಾಸ್ತಿ ಜಾಗ ಕೊಟ್ಟಿದ್ದೇನೆ. ಯಾಕೆಂದರೆ ಅದನ್ನು ಕೇಳುವವರು ಸಾಮಾನ್ಯವಾಗಿ ಸಹಿ ಹಾಕಿದ ಮೇಲೆ ಬರುತ್ತಾರೆ. ಈ ಓದುಗರು ಹಾಕುವ ಮೊದಲೇ ಕೇಳಿದ್ದಾರೆ.

ಪ್ರಶ್ನೆ: 13 ವರ್ಷದಿಂದ ಒಂದೇ ಬಾಡಿಗೆ ಮನೆಯಲ್ಲಿದ್ದೇವೆ. 12 ವರ್ಷ ದಾಟಿದರೆ ಮನೆ ನಮ್ಮದೇ ಆಗುತ್ತೆ ಅಂತ ಹೇಳುತ್ತಾರೆ. ನಿಜವಾ?

ಸುಳ್ಳು. ಬಾಡಿಗೆ ಕೊಡುತ್ತಿದ್ದೀರಿ ಅಂದರೆ ತಿಂಗಳು ತಿಂಗಳು ‘ಈ ಮನೆ ನನ್ನದಲ್ಲ’ ಅಂತ ಒಪ್ಪಿಕೊಂಡ ಹಾಗೆ. 12 ವರ್ಷದ ಲೆಕ್ಕ ಇರುವುದು ಮಾಲೀಕನ ಹಕ್ಕನ್ನೇ ಒಪ್ಪದೆ, ಎಲ್ಲರಿಗೂ ಕಾಣುವಂತೆ ಜಾಗ ಹಿಡಿದು ಕೂತವರಿಗೆ. ಇದೇ ಪ್ರಶ್ನೆಯನ್ನು ಮನೆ ಮಾಲೀಕರೂ ಹೆದರಿಕೊಂಡು ಕೇಳುತ್ತಾರೆ. ಅವರು ಆರಾಮಾಗಿ ನಿದ್ದೆ ಮಾಡಲಿ.

ಪ್ರಶ್ನೆ: ಬಾಡಿಗೆ ಕರಾರು 11 ತಿಂಗಳಿಗೇ ಯಾಕೆ?

ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಕರಾರನ್ನು ನೋಂದಣಿ ಮಾಡಿಸಲೇಬೇಕು. ಆ ಖರ್ಚು, ಓಡಾಟ ತಪ್ಪಿಸಿಕೊಳ್ಳಲು. ಬೇರೆ ಯಾವ ಗುಟ್ಟೂ ಇಲ್ಲ.

ಪ್ರಶ್ನೆ: ನನಗೆ 54 ವರ್ಷ. 1991ರಲ್ಲಿ ಮದುವೆಯಾಯಿತು. ಅಪ್ಪ ಮೂರು ವರ್ಷದ ಹಿಂದೆ ತೀರಿಕೊಂಡರು, ವಿಲ್ ಬರೆದಿಲ್ಲ. ತಾತನ ಕಾಲದಿಂದ ಬಂದ ನಾಲ್ಕು ಎಕರೆ ಜಮೀನು ಇದೆ. ಅಪ್ಪ ತಮ್ಮ ಸಂಬಳದಲ್ಲಿ ಕಟ್ಟಿಸಿದ ಮನೆ ಇದೆ. ಅಮ್ಮ ಇದ್ದಾರೆ. ಇಬ್ಬರು ಅಣ್ಣಂದಿರು, ನಾನು, ನನ್ನ ತಂಗಿ. ‘ಬ್ಯಾಂಕ್ ಸಾಲಕ್ಕೆ ಬೇಕು, ಸುಮ್ನೆ ಒಂದು ಸೈನ್ ಹಾಕಿ ಹೋಗು’ ಅಂತ ದೊಡ್ಡಣ್ಣ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆಯುತ್ತಿದ್ದಾನೆ. ಮದುವೆ 1994ಕ್ಕಿಂತ ಮೊದಲೇ ಆಗಿದ್ದರಿಂದ ನನಗೆ ಹೇಗೂ ಪಾಲಿಲ್ಲವಂತೆ. ಸಹಿ ಹಾಕಲೋ, ಬೇಡವೋ?

ಪಾಲೇ ಇಲ್ಲದಿದ್ದರೆ ನಿಮ್ಮ ಸಹಿ ಯಾಕಮ್ಮಾ ಬೇಕು? ಇಲ್ಲಿಂದಲೇ ಶುರು ಮಾಡಿ. ಸಹಿಗೆ ಕರೆಯುತ್ತಿದ್ದಾರೆ ಅಂದರೆ ನಿಮಗೆ ಪಾಲಿದೆ ಅನ್ನುವುದು ಕರೆಯುವವರಿಗೆ ಚೆನ್ನಾಗಿ ಗೊತ್ತಿದೆ.

1994ರ ಮಾತು ಪೂರ್ತಿ ಕಟ್ಟುಕತೆ ಅಲ್ಲ, ಹಳಸಿದ ಕಾನೂನು. ಕರ್ನಾಟಕ ಆ ವರ್ಷ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು ಹೆಣ್ಣುಮಕ್ಕಳಿಗೂ ಒಟ್ಟು ಕುಟುಂಬದ ಆಸ್ತಿಯಲ್ಲಿ ಪಾಲು ಕೊಟ್ಟಿತು. ಆದರೆ ಅಷ್ಟರೊಳಗೆ ಮದುವೆಯಾದವರನ್ನು ಹೊರಗಿಟ್ಟಿತು. ಆಮೇಲೆ ಕೇಂದ್ರದ ತಿದ್ದುಪಡಿ ಬಂತು, 2005ರ ಸೆಪ್ಟೆಂಬರ್ 9ರಿಂದ ಜಾರಿಯಾಯಿತು. ಅದರಲ್ಲಿ ಮದುವೆಯ ಮಾತೇ ಇಲ್ಲ. ಮಗಳು ಹುಟ್ಟಿನಿಂದಲೇ ಮಗನ ಹಾಗೆ ಪಾಲುದಾರಳು. ಆ ದಿನ ಅಪ್ಪ ಬದುಕಿರಬೇಕಿತ್ತೋ ಇಲ್ಲವೋ ಅಂತ ಹದಿನೈದು ವರ್ಷ ಜಗ್ಗಾಡಿದರು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ, ಅಪ್ಪ ಬದುಕಿರಬೇಕಾಗಿಲ್ಲ ಅಂತ ಹೇಳಿ ಮುಗಿಸಿತು. ಇಷ್ಟೆಲ್ಲ ಆದಮೇಲೂ ಕಚೇರಿ ಮುಂದಿನ ಟೀ ಅಂಗಡಿಯಲ್ಲಿ 1994ರ ಕಾನೂನನ್ನೇ ಹೇಳಿಕೊಂಡು ಕೂತವರು ಇದ್ದಾರೆ. ಕೆಲವರು ಕಪ್ಪು ಕೋಟು ಬೇರೆ ಹಾಕಿರುತ್ತಾರೆ. ‘2005ರ ನಂತರ ಹುಟ್ಟಿದವರಿಗೆ ಮಾತ್ರ’ ಅನ್ನುವ ವಿಡಿಯೋ ಕಳಿಸಿ ನನ್ನ ಅಭಿಪ್ರಾಯ ಕೇಳಬೇಡಿ.

ಒಂದು ಅಡ್ಡಿ ಮಾತ್ರ ನಿಜವಾದದ್ದು. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಣಿಯಾದ ವಿಭಾಗ ಪತ್ರದಿಂದಲೋ ಕೋರ್ಟ್ ಡಿಕ್ರಿಯಿಂದಲೋ ಪಾಲಾಗಿದ್ದರೆ, ಇಲ್ಲವೇ ಜಮೀನು ಮಾರಾಟವಾಗಿದ್ದರೆ, 2005ರ ಕಾನೂನು ಹೇಳಿ ಅದನ್ನು ಕೆದಕಲಾಗದು. ‘ನಾವು ಪಂಚಾಯ್ತಿ ಮಾಡಿ ಬಾಯಲ್ಲೇ ಪಾಲು ಮಾಡಿಕೊಂಡಿದ್ದೆವು’ ಅಂತ ಈಗ ಹೇಳಿದರೆ ಕೋರ್ಟು ಸುಲಭಕ್ಕೆ ನಂಬುವುದಿಲ್ಲ. ಆಗಿನಿಂದಲೂ ಬೇರೆ ಬೇರೆ ಪಹಣಿ, ಬೇರೆ ಬೇರೆ ಕಂದಾಯ ಅಂತ ಸರ್ಕಾರಿ ದಾಖಲೆಯೇ ತೋರಿಸಬೇಕಾಗುತ್ತೆ.

ಇನ್ನು ಪಿತ್ರಾರ್ಜಿತವೋ ಸ್ವಯಾರ್ಜಿತವೋ ಅನ್ನುವ ಜಗಳ. ಜನ ಇದರ ಮೇಲೆ ವರ್ಷಗಟ್ಟಲೆ ತಲೆ ಚಚ್ಚಿಕೊಳ್ಳುತ್ತಾರೆ. ನಿಮ್ಮ ವಿಷಯದಲ್ಲಿ ಈ ಜಗಳದಿಂದ ಅಣ್ಣಂದಿರಿಗೆ ಏನೂ ಸಿಗುವುದಿಲ್ಲ. ಅಪ್ಪ ಬದುಕಿದ್ದಾಗ, ಅಥವಾ ಅವರು ವಿಲ್ಲೋ ದಾನಪತ್ರವೋ ಬರೆದಿದ್ದಾಗ ಈ ವ್ಯತ್ಯಾಸ ಮುಖ್ಯ. ಸ್ವಂತ ದುಡಿಮೆಯ ಆಸ್ತಿಯನ್ನು ಅಪ್ಪ ಯಾರಿಗೆ ಬೇಕಾದರೂ ಬರೆಯಬಹುದು, ಮಗನೂ ಕೇಳುವ ಹಾಗಿಲ್ಲ, ಮಗಳೂ ಕೇಳುವ ಹಾಗಿಲ್ಲ. ಏನೂ ಬರೆಯದೆ ತೀರಿಕೊಂಡಿದ್ದಾರಲ್ಲ, ಹಾಗಾಗಿ ಸಂಬಳದಲ್ಲಿ ಕಟ್ಟಿಸಿದ ಮನೆ ನೇರವಾಗಿ ಐದು ಪಾಲು: ಅಮ್ಮ, ಇಬ್ಬರು ಅಣ್ಣಂದಿರು, ನೀವು, ನಿಮ್ಮ ತಂಗಿ. ಜಮೀನಿನಲ್ಲಿ ಅಮ್ಮನ ಪಾಲಿನ ಲೆಕ್ಕ ಸ್ವಲ್ಪ ಬೇರೆಯಾಗಬಹುದು. ನಿಮ್ಮ ಪಾಲು ಮಾತ್ರ ದೊಡ್ಡಣ್ಣನ ಪಾಲಿಗಿಂತ ಅರ್ಧ ಗುಂಟೆಯೂ ಕಡಿಮೆ ಬರುವುದಿಲ್ಲ. ‘ವಾಸದ ಮನೆಯಲ್ಲಿ ಹೆಣ್ಣುಮಕ್ಕಳು ಭಾಗ ಕೇಳಬಾರದು’ ಅನ್ನುವುದೂ ಒಂದು ಕಾಲಕ್ಕೆ ಕಾನೂನಾಗಿತ್ತು. ಗಂಡುಮಕ್ಕಳು ತಾವಾಗಿ ಪಾಲು ಮಾಡಿಕೊಳ್ಳುವ ತನಕ ಕೇಳುವಂತಿರಲಿಲ್ಲ. ಅದನ್ನೂ 2005ರಲ್ಲೇ ತೆಗೆದುಹಾಕಿದರು.

(ನಾನು ಹೇಳುತ್ತಿರುವುದು ಹಿಂದೂ ಉತ್ತರಾಧಿಕಾರ ಕಾಯ್ದೆಯ ಮಾತು. ಲಿಂಗಾಯತರು, ಜೈನರು, ಬೌದ್ಧರು, ಸಿಖ್ಖರು ಅದರೊಳಗೇ ಬರುತ್ತಾರೆ. ಮುಸ್ಲಿಮರಿಗೆ, ಕ್ರೈಸ್ತರಿಗೆ ಲೆಕ್ಕ ಬೇರೆ.)

ಈಗ ಆ ಸಹಿಗೆ ಬರೋಣ. ನಿಮ್ಮ ಮುಂದೆ ಇಡುವ ಕಾಗದ ನೂರಕ್ಕೆ ತೊಂಬತ್ತು ಸಲ ಹಕ್ಕು ಬಿಡುಗಡೆ ಪತ್ರವೇ ಆಗಿರುತ್ತೆ. ಕೆಲವರು ಖುಲಾಸೆ ಪತ್ರ ಅನ್ನುತ್ತಾರೆ. ಕೆಲವು ಸಲ ವಿಭಾಗ ಪತ್ರ ಅಂತಲೇ ಬರೆದು, ಒಳಗೆ ‘ಅರಿಶಿನ ಕುಂಕುಮಕ್ಕೆ 50 ಸಾವಿರ ಪಡೆದು ತೃಪ್ತಳಾಗಿದ್ದೇನೆ’ ಅನ್ನುವ ಸಾಲು ಸೇರಿಸಿರುತ್ತಾರೆ. ಸಾಲಕ್ಕೇ ಆಗಿದ್ದರೆ ಅದು ಅಡಮಾನ ಪತ್ರವಾಗಿರಬೇಕು, ಬ್ಯಾಂಕಿನ ಹೆಸರು ಅದರಲ್ಲಿರಬೇಕು. ಹಾಗಾಗಿ ಮೊದಲು ಪತ್ರದ ತಲೆಬರಹ ಓದಿ. ಆಮೇಲೆ ಕೊನೆಯ ಪುಟದ ಷೆಡ್ಯೂಲ್ ಓದಿ. ಯಾವ ಸರ್ವೆ ನಂಬರು, ಎಷ್ಟು ವಿಸ್ತೀರ್ಣ, ಮನೆಯೂ ಸೇರಿದೆಯಾ? ‘ಇನ್ನಿತರೆ ಎಲ್ಲ ಸ್ಥಿರಾಸ್ತಿಗಳು’ ಅಂತ ಒಂದು ಸಾಲಿದ್ದರೆ ಪೆನ್ನು ಕೆಳಗಿಡಿ. ಓದಲು ಬಿಡದೆ ‘ಟೈಮ್ ಆಯ್ತು, ಟೋಕನ್ ಹೋಗುತ್ತೆ’ ಅಂತ ಅವಸರ ಮಾಡಿದರೆ ಎದ್ದು ಬನ್ನಿ. ಕರಡು ಪತ್ರವನ್ನು ಎರಡು ದಿನ ಮೊದಲೇ ಮನೆಗೆ ಕಳಿಸಲು ಹೇಳಿ. ಅಷ್ಟು ಕೇಳಿದ್ದಕ್ಕೇ ಅಣ್ಣ ಸಿಟ್ಟಾದರೆ ನಿಮ್ಮ ಪ್ರಶ್ನೆಗೆ ಅವನೇ ಉತ್ತರ ಕೊಟ್ಟ ಹಾಗಾಯಿತು.

ಫೋಟೋ ತೆಗೆದು, ಹೆಬ್ಬೆಟ್ಟು ಒತ್ತಿಸಿ, ‘ಒಪ್ಪಿಗೆ ಇದೆಯಾ?’ ಅಂತ ಅಧಿಕಾರಿ ಕೇಳಿದಾಗ ‘ಹೂಂ’ ಅಂದಿರೋ, ಮುಗಿಯಿತು. ಮರುದಿನ ಹೋಗಿ ‘ನನಗೆ ಗೊತ್ತಾಗಲಿಲ್ಲ’ ಅಂದರೆ ಸಬ್ ರಿಜಿಸ್ಟ್ರಾರ್ ಅದನ್ನು ರದ್ದು ಮಾಡಲು ಬರುವುದಿಲ್ಲ. ಸಿವಿಲ್ ಕೋರ್ಟಿಗೇ ಹೋಗಬೇಕು, ಮೋಸವಾಗಿದೆ ಅಂತ ನೀವೇ ಸಾಬೀತು ಮಾಡಬೇಕು. ಅದಕ್ಕೂ ಮೋಸ ಗೊತ್ತಾದ ದಿನದಿಂದ ಮೂರು ವರ್ಷದ ಗಡುವು. ಓದು ಬರಹ ಬಲ್ಲ ನಿಮ್ಮಂಥವರು ‘ಓದದೇ ಸಹಿ ಹಾಕಿದೆ’ ಅಂತ ಸಾಕ್ಷಿ ಕಟ್ಟೆಯಲ್ಲಿ ನಿಂತು ಹೇಳಿದಾಗ ಎದುರು ವಕೀಲರು ಏನು ಕೇಳುತ್ತಾರೆ ಅಂತ ನನಗೆ ಗೊತ್ತು. ನಾನೂ ಅದನ್ನೇ ಕೇಳಿದ್ದೇನೆ.

ನಮ್ಮ ಮನೆಯದೇ ಮಾತು ಒಂದು. ನಮ್ಮ ತಾತ ಹೋದಮೇಲೆ ಸೋದರತ್ತೆ ಹೆಬ್ಬೆಟ್ಟು ಒತ್ತಿ ಹೋದರು. ಅಪ್ಪ ಪ್ರತಿವರ್ಷ ಗೌರಿ ಹಬ್ಬಕ್ಕೆ ಬಾಗಿನ ಕಳಿಸುವುದನ್ನು ತಪ್ಪಿಸಲಿಲ್ಲ. ಆ ಜಮೀನಿನ ಒಂದು ತುಂಡು ಮಾರಿದ ದುಡ್ಡಿನಲ್ಲಿ ನಾನು ಲಾ ಓದಿದೆ. ಅತ್ತೆ ಕೊನೆಯ ತನಕ ಬೇರೆಯವರ ತೋಟಕ್ಕೆ ಅಡಿಕೆ ಸುಲಿಯಲು ಹೋಗುತ್ತಿದ್ದರು. ಹೀಗಾಗಿ ಈ ವಿಷಯದಲ್ಲಿ ನನ್ನ ಸಲಹೆ ಸ್ವಲ್ಪ ಬಿಗಿಯಾಗಿಯೇ ಇರುತ್ತೆ. ಬೇಕಾದರೆ ಇನ್ನೊಬ್ಬ ವಕೀಲರನ್ನೂ ಕೇಳಿ.

‘ಮದುವೆಗೆ ಅಷ್ಟು ಖರ್ಚು ಮಾಡಿದ್ದೇವೆ, ಚಿನ್ನ ಹಾಕಿದ್ದೇವೆ, ಅದೇ ಪಾಲು’ ಅನ್ನುವುದು ಮುಂದಿನ ವಾದ. ಮದುವೆ ಖರ್ಚು ಪಾಲಲ್ಲ. ಅಣ್ಣಂದಿರ ಮದುವೆಯೇನು ಪುಕ್ಕಟೆ ಆಯಿತಾ? ‘ವರದಕ್ಷಿಣೆ ಕೊಟ್ಟಿದ್ದೇವೆ’ ಅಂತ ಜೋರಾಗಿ ಹೇಳುವವರಿಗೆ ಒಂದು ಮಾತು: 1961ರ ಕಾನೂನಿನಲ್ಲಿ ತೆಗೆದುಕೊಳ್ಳುವುದಷ್ಟೇ ಅಲ್ಲ, ಕೊಡುವುದೂ ಅಪರಾಧ.

ಇನ್ನೊಂದು ಕಡೆ ಕಣ್ಣಿಡಿ. ನಿಮ್ಮ ಸಹಿ ಸಿಗದಿದ್ದರೆ ನಿಮ್ಮನ್ನು ಕಾಗದದಿಂದಲೇ ಮಾಯ ಮಾಡುವ ದಾರಿ ಇದೆ. ವಂಶವೃಕ್ಷ ಮಾಡಿಸುವಾಗ ಹೆಣ್ಣುಮಕ್ಕಳ ಹೆಸರು ಬಿಟ್ಟು, ಅದರ ಮೇಲೆ ಗಂಡುಮಕ್ಕಳ ಹೆಸರಿಗೆ ಮಾತ್ರ ಪೌತಿ ಖಾತೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಮಾಡಿಸುತ್ತಾರೆ. ಇವತ್ತೇ ಆ ಸರ್ವೆ ನಂಬರಿನ ಪಹಣಿ ತೆಗೆದು ನೋಡಿ. ಇನ್ನೂ ಅಪ್ಪನ ಹೆಸರಿದ್ದರೆ, ಎಲ್ಲ ವಾರಸುದಾರರ ಹೆಸರಿಗೂ ಖಾತೆ ಆಗಬೇಕು ಅಂತ ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಆಗಲೇ ಅಣ್ಣಂದಿರ ಹೆಸರಿಗೆ ಆಗಿಹೋಗಿದ್ದರೆ ಎದೆ ಒಡೆದುಕೊಳ್ಳಬೇಡಿ. ಖಾತೆ ಕಂದಾಯದ ಲೆಕ್ಕ ಅಷ್ಟೇ, ಅದರಿಂದ ನಿಮ್ಮ ಹಕ್ಕು ಹೋಗುವುದಿಲ್ಲ. ಉಪವಿಭಾಗಾಧಿಕಾರಿಗಳ ಹತ್ತಿರ ಮೇಲ್ಮನವಿ ಹಾಕಬಹುದು. ಆದರೆ ಪಾಲಿನ ತೀರ್ಮಾನ ಅಲ್ಲಿ ಆಗುವುದಿಲ್ಲ, ಅದು ಸಿವಿಲ್ ಕೋರ್ಟಿನ ಕೆಲಸ.

ಹಾಗಂತ ನಾಳೆಯೇ ದಾವೆ ಹಾಕಿ ಅಂತ ನಾನು ಹೇಳುವುದಿಲ್ಲ. ಪಾಲಿನ ದಾವೆ ಅಂದರೆ ಮೊದಲು ಪ್ರಾಥಮಿಕ ಡಿಕ್ರಿ, ಅದರ ಮೇಲೆ ಅಪೀಲು, ಆಮೇಲೆ ಅಂತಿಮ ಡಿಕ್ರಿಗೆ ಮತ್ತೊಂದು ಸುತ್ತು. ಅಪ್ಪ ಹಾಕಿದ ದಾವೆಗೆ ಮಗ ವಕಾಲತ್ತು ಸಹಿ ಮಾಡಲು ಬಂದಿದ್ದನ್ನು ನೋಡಿದ್ದೇನೆ. ಮೊದಲು ಅಮ್ಮನನ್ನು ಕೂರಿಸಿಕೊಂಡು ಮಾತಾಡಿ. ಅಣ್ಣಂದಿರು ಜಮೀನು ಮಾರಲು ಹೊರಟ ಸುಳಿವು ಸಿಕ್ಕರೆ ಮಾತ್ರ ತಡ ಮಾಡಬೇಡಿ, ದಾವೆ ಹಾಕಿ ತಡೆಯಾಜ್ಞೆ ಕೇಳಿ. ನಿಮ್ಮ ಸಹಿ ಇಲ್ಲದೆ ಮಾರಿದರೆ ನಿಮ್ಮ ಪಾಲು ಕೊಂಡವನಿಗೆ ಹೋಗುವುದಿಲ್ಲ, ನಿಜ. ಆದರೆ ಅಣ್ಣನ ಜೊತೆಗಿನ ಜಗಳ ಆಮೇಲೆ ಅಪರಿಚಿತನ ಜೊತೆ ಮಾಡಬೇಕಾಗುತ್ತೆ. ವಕೀಲರ ಫೀಸಿಗೆ ಹೆದರುವವರು ತಾಲ್ಲೂಕು ಕೋರ್ಟಿನಲ್ಲೇ ಇರುವ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ. 1987ರ ಕಾನೂನಿನ ಪ್ರಕಾರ ಹೆಂಗಸರಿಗೆ ಉಚಿತ ವಕೀಲರು ಸಿಗುತ್ತಾರೆ, ಆದಾಯದ ಮಿತಿ ಇಲ್ಲ. ಇದನ್ನು ನನ್ನಂಥ ವಕೀಲರು ತಾವಾಗಿ ಹೇಳುವುದು ಕಡಿಮೆ, ಅಲ್ವಾ!

ಮನಸಾರೆ ಬಿಟ್ಟುಕೊಡಬೇಕು ಅನ್ನಿಸಿದರೆ ಬಿಟ್ಟುಕೊಡಿ, ಅದು ನಿಮ್ಮಿಷ್ಟ. ಹಣಕ್ಕೆ ಬಿಟ್ಟುಕೊಡುವುದಾದರೆ ಮೊತ್ತ ಪತ್ರದಲ್ಲಿರಲಿ, ಚೆಕ್ಕಿನ ಅಥವಾ ಡಿಡಿಯ ನಂಬರು ಇರಲಿ. ದುಡ್ಡು ಖಾತೆಗೆ ಬಂದ ಮೇಲೆ ಸಹಿ. ‘ಬೆಳೆ ಬಂದಮೇಲೆ ಕೊಡ್ತೀನಿ’ ಅನ್ನುವುದು ಪತ್ರದಲ್ಲಿ ಇರುವುದಿಲ್ಲ.

ಪ್ರಶ್ನೆ: ನನ್ನ ಅಪ್ಪ ಇನ್ನೂ ಇದ್ದಾರೆ. ಅವರ ಸ್ವಂತ ಆಸ್ತಿಗೆ ನನ್ನಿಂದ ಈಗಲೇ ಹಕ್ಕು ಬಿಡುಗಡೆ ಬರೆಸಿಕೊಂಡಿದ್ದಾರೆ.

ಅವರು ಇರುವಾಗ ಅದರಲ್ಲಿ ನಿಮಗೆ ಹಕ್ಕೇ ಹುಟ್ಟಿಲ್ಲ. ಹುಟ್ಟದ ಹಕ್ಕನ್ನು ಬಿಡುವುದು ಹೇಗೆ? ಬರೀ ಆ ಕಾಗದದಿಂದ ಮುಂದಿನ ಪಾಲು ಹೋಗುವುದಿಲ್ಲ. ಅದಕ್ಕೆ ದುಡ್ಡು ತೆಗೆದುಕೊಂಡಿದ್ದರೆ ಮಾತು ಬೇರೆ, ಪತ್ರ ಹಿಡಿದುಕೊಂಡು ವಕೀಲರನ್ನು ನೋಡಿ.

ಪ್ರಶ್ನೆ: ಆರು ಲಕ್ಷಕ್ಕೆ ಸೈಟು. ಜಿಪಿಎ, ಅಗ್ರಿಮೆಂಟು ಎರಡನ್ನೂ ನೋಟರಿ ಮಾಡಿಸಿಕೊಡುತ್ತಾರಂತೆ. ಖಾತೆಯೂ ಆಗುತ್ತೆ ಅಂತ ಬ್ರೋಕರ್ ಹೇಳುತ್ತಾರೆ. ತೆಗೆದುಕೊಳ್ಳಬಹುದಾ?

ಬೇಡ. ಜಿಪಿಎ ಅಂದರೆ ಮಾಲೀಕರ ಪರವಾಗಿ ವ್ಯವಹಾರ ಮಾಡಲು ಕೊಡುವ ಅಧಿಕಾರ ಪತ್ರ ಅಷ್ಟೇ. ಅದರಿಂದ ಮಾಲೀಕತ್ವ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ನೋಟರಿ ಮುದ್ರೆ ಹೇಳುವುದು ಆ ಸಹಿ ಪತ್ರದಲ್ಲಿ ಹೆಸರಿರುವವರದ್ದೇ ಅಂತ, ಸೈಟು ನಿಮ್ಮದು ಅಂತಲ್ಲ. ನೋಂದಣಿಯಾದ ಕ್ರಯಪತ್ರ ಮಾಡಿಕೊಡಲು ಯಾಕೆ ಆಗುವುದಿಲ್ಲ ಅಂತ ಬ್ರೋಕರನ್ನು ಕೇಳಿ. ಹೆಚ್ಚಾಗಿ ಜಮೀನು ಕೃಷಿಯಿಂದ ಕೃಷಿಯೇತರ ಬಳಕೆಗೆ ಕನ್ವರ್ಷನ್ ಆಗಿರುವುದಿಲ್ಲ, ಲೇಔಟಿಗೆ ಮಂಜೂರಾತಿ ಇರುವುದಿಲ್ಲ. ‘ಮುಂದೆ ಸರ್ಕಾರ ಸಕ್ರಮ ಮಾಡುತ್ತೆ’ ಅಂದರೆ, ಮಾಡಿದ ಮೇಲೆ ಬರುತ್ತೇನೆ ಅನ್ನಿ.

ಪ್ರಶ್ನೆ: ವಿಲ್ ರಿಜಿಸ್ಟರ್ ಮಾಡಿಸದಿದ್ದರೆ ನಡೆಯುತ್ತಾ?

ನಡೆಯುತ್ತೆ. ಛಾಪಾ ಕಾಗದವೂ ಬೇಡ, ಬಿಳಿ ಹಾಳೆ ಸಾಕು. ಇಬ್ಬರು ಸಾಕ್ಷಿ ಬೇಕೇ ಬೇಕು. ಆಸ್ತಿ ಸಿಗುವವರನ್ನೇ ಸಾಕ್ಷಿ ಮಾಡಬೇಡಿ. ರಿಜಿಸ್ಟರ್ ಮಾಡಿಸಿದರೆ ಒಳ್ಳೆಯದು, ಜಗಳ ಸ್ವಲ್ಪ ಕಡಿಮೆಯಾಗುತ್ತೆ. ಸಾಕ್ಷಿಗಳು ಮಾತ್ರ ನಿಮಗಿಂತ ಚಿಕ್ಕವರಿರಲಿ. ವಾಕಿಂಗ್ ಗೆಳೆಯರಿಬ್ಬರ ಸಹಿ ಹಾಕಿಸಿ, ಮೂವರೂ ಹೋದಮೇಲೆ ಮಕ್ಕಳು ಆ ಹಾಳೆ ತಂದು ನನ್ನ ಮೇಜಿನ ಮೇಲಿಟ್ಟರೆ ಕೋರ್ಟಿಗೆ ನಾನು ಯಾರನ್ನು ಕರೆಸಲಿ?